ಹಾರ್ಟ್ಲಿಯವರ ಮನೆಯಲ್ಲಿ ಅತ್ತದ್ದು

ದುರ್ಗದ ಬೈಲು, ಹುಬ್ಬಳ್ಳಿ
೧೪ ಅಕ್ಟೋಬರ ೧೯೬೧

ಚಿರಂಜೀವಿ ಉಡಚವ್ವಗೆ,

ಮ್ಯಾಂಚೆಸ್ಟರದಿಂದ ನೀನು ಬರೆದ ಮೊದಲನೆಯ ಪತ್ರ ಬಂತು. ಅಂಚೆಯವನು ಅದನ್ನು ಸುಮ್ಮನೆ ಕೊಡದೆ, ನಮ್ಮ ಬಾಡಿಗೆ ಸಾಮಾನಿನ ಅಂಗಡಿಯ ಕಟ್ಟೆಯ ಮೇಲೆ ನಿಂತು ಕೂಗಿ ಕೊಟ್ಟ. ವಿಲಾಯತಿಯ ತಿಕೀಟು ನೋಡಲು ಬೈಲಿನ ಅರ್ಧ ಮಂದಿ ಕೂಡಿದರು. ನಮ್ಮ ಭಾಂಡೆಗಳಿಗೆ ಕಲಾಯಿ ಹಾಕುವ ದಸ್ತಗೀರಸಾಬ ಪತ್ರವನ್ನು ಮೂಗಿಗೆ ಹಿಡಿದು ನೋಡಿ, "ಏನೂ ವಾಸನಿ ಇಲ್ಲೋ ಹುಚ್ಚಪ್ಪಾ, ಅಲ್ಲಿ ಮಂದಿ ಒಗ್ಗರಣಿ ಹಾಕತಾರೋ ಇಲ್ಲೋ?" ಎಂದ. ನಿನ್ನ ಅವ್ವನಿಗೆ ಅಂದಿನಿಂದ ಅದೇ ಚಿಂತೆ.

ಕೋಣೆ ಸಿಗಲು ಬಹಳ ಓಣಿ ತಿರುಗಿದೆ, ಕಿಡಕಿಗಳಲ್ಲಿ 'ಬಣ್ಣದವರಿಗಿಲ್ಲ' ಎಂದು ಚೀಟಿ ಹಚ್ಚಿರುತ್ತಾರೆ ಎಂದು ಬರೆದಿರುವೆ. ಇದರಲ್ಲಿ ನಾನು ನಿನಗೆ ಹೊಸದಾಗಿ ಹೇಳುವುದು ಏನೂ ಇಲ್ಲ. ಕುರ್ಚಿ, ಜಮಖಾನೆ, ಗ್ಯಾಸಬತ್ತಿ ಕಳಿಸಿರಿ, ಅಡಿಗೆಯ ಭಾಂಡೆ ಮಾತ್ರ ಬೇರೆ ಜಾತಿಯವರ ಅಂಗಡಿಯಿಂದ ತರಿಸುತ್ತೇವೆ ಎನ್ನುವ ಮನೆಗಳು ಹುಬ್ಬಳ್ಳಿಯಲ್ಲಿಯೂ ಇವೆ. ಇಲ್ಲಿಯವರು ಚೀಟಿ ಹಚ್ಚುವುದಿಲ್ಲ, ಅಷ್ಟೇ ಫರಕು. ಆದರೂ ಕೊನೆಗೆ ಹಾರ್ಟ್ಲಿ ಎಂಬ ಮುದುಕ ಮುದುಕಿ ಬಾಗಿಲು ತೆರೆದು ಒಳಗೆ ಕರೆದರಲ್ಲ, ಅವರ ಮನೆ ತಣ್ಣಗಿರಲಿ. ಅಲ್ಲಿ ಮೊದಲೇ ತಣ್ಣಗಿದೆಯಂತೆ, ಆದ್ದರಿಂದ ಬೆಚ್ಚಗಿರಲಿ.

ಕಿವುಡ ಮಕ್ಕಳಿಗೆ ಮಾತು ಕಲಿಸುವ ವಿದ್ಯೆಗೆಂದು ಸರಕಾರ ನಿನ್ನನ್ನು ಒಂದು ವರ್ಷ ಕಳಿಸಿದೆ. ಆ ವಿದ್ಯೆಯ ಗಂಧ ನನಗಿಲ್ಲ. ನಾನು ಸಾಲಿ ಕಲಿತದ್ದು ಕಡಿಮೆ. ಮಂದಿಯ ಮದುವೆಗೂ ಮಣ್ಣಿಗೂ ಸಾಮಾನು ಬಾಡಿಗೆ ಕೊಟ್ಟು ಕಲಿತದ್ದು ಹೆಚ್ಚು. ಒಂದು ಮನೆಯಲ್ಲಿ ಬೀಗರಿಗೆ ಕುರ್ಚಿ ಹಾಕದಿದ್ದರೆ ಅವಮಾನ. ಇನ್ನೊಂದು ಮನೆಯಲ್ಲಿ ಹಿರಿಯರು ಕೆಳಗೆ ಕೂತಿರುವಾಗ ಅದೇ ಕುರ್ಚಿ ಹಾಕಿದರೆ ಜಗಳ. ಕ್ರಿಸ್ತರ ಮನೆಯವರು ಸಾವಿಗೆ ಮೇಜಿನ ಮೇಲೆ ಹಾಸಲು ಕರೀ ಬಟ್ಟೆ ಕೇಳಿ ಒಯ್ಯುತ್ತಾರೆ. ಅದೇ ಬಟ್ಟೆ ತಪ್ಪಿ ಬಸುರಿಯ ಕುಬಸ ನಡೆಯುವ ಮನೆಗೆ ಹೋಗಿದ್ದರೆ ನಾನು ಇಂದು ಅಂಗಡಿ ಇಟ್ಟುಕೊಂಡಿರುತ್ತಿರಲಿಲ್ಲ. ಹೀಗಾಗಿ ಗಾಡಿ ಹೇರುವ ಮೊದಲು ನಾನು ಕೇಳುವುದು ಒಂದೇ: "ನಿಮ್ಮಲ್ಲಿ ಹ್ಯಾಂಗ್ರಿ?" ನೀನೂ ಅದನ್ನೇ ಕೇಳು. ಕೇಳಿದರೆ ಯಾರೂ ಸಣ್ಣವರಾಗುವುದಿಲ್ಲ. ಕೇಳದೆ ಮಾಡಿದರೆ ಒಳ್ಳೆಯದು ಮಾಡಿದರೂ ಕೆಡುತ್ತದೆ.

ಅವ್ವ ಅಗಸಿ ಚಟ್ನಿಪುಡಿ ಕಳಿಸುವುದಾಗಿ ಹಟ ಹಿಡಿದಿದ್ದಾಳೆ. ಮುದುಕ ಮುದುಕಿಯರಿಗೆ ಕೊಡುವ ಮೊದಲು ನೀರು ಹತ್ತಿರ ಇಟ್ಟುಕೊ.

ನಿನ್ನ ಅಪ್ಪ,
ಹುಚ್ಚಪ್ಪ

*

ಮ್ಯಾಂಚೆಸ್ಟರ
೨೬ ನವೆಂಬರ ೧೯೬೧

ಅಪ್ಪನವರ ಮತ್ತು ಅವ್ವನ ಪಾದಗಳಿಗೆ,

ನೀವು ಹೇಳಿದಂತೆ ಎಲ್ಲವನ್ನೂ ಕೇಳುತ್ತಿದ್ದೇನೆ. ತ್ರಾಸ ಏನೆಂದರೆ, ಮಿಸೆಸ್ ಹಾರ್ಟ್ಲಿ ಪ್ರತಿ ಸಲ "ನಮ್ಮಲ್ಲಿ ಹಾಗೇನೂ ಇಲ್ಲಮ್ಮಾ" ಎನ್ನುತ್ತಾರೆ. ಆಮೇಲೆ ನೋಡಿದರೆ ಪ್ರತಿಯೊಂದಕ್ಕೂ ಒಂದು ಕಾಯಿದೆ ಇರುತ್ತದೆ. ಬೀದಿಯ ಕಡೆಯ ಮುಂದಿನ ಖೋಲಿಯನ್ನು ದಿನಾಲೂ ಒರೆಸುತ್ತಾರೆ, ಆದರೆ ಅಲ್ಲಿ ಯಾರೂ ಕೂಡುವುದಿಲ್ಲ. ಸ್ನಾನಕ್ಕೆ ವಾರ ಗೊತ್ತಾಗಿದೆ. ಊಟಕ್ಕೆ ಇನ್ನಷ್ಟು ಬೇಕೇ ಎಂದು ಒಂದೇ ಸಲ ಕೇಳುತ್ತಾರೆ. ನಾನು ನಮ್ಮ ಮನೆಯಂತೆ ಮೊದಲ ಸಲಕ್ಕೆ "ಸಾಕ್ರಿ" ಅಂದೆ. ಪಾತ್ರೆ ಒಳಗೆ ಹೋಗಿಬಿಟ್ಟಿತು. ಈಗ ಕಲಿತಿದ್ದೇನೆ. ಮೊದಲ ಮಾತಿಗೇ "ಹಾಕ್ರಿ" ಎನ್ನುತ್ತೇನೆ. ಅವ್ವ ಕೇಳಿದ್ದರೆ ನಾಚಿಕೆಯಿಂದ ಸೆರಗು ಮುಚ್ಚಿಕೊಳ್ಳುತ್ತಿದ್ದಳು.

ಮಿಸ್ಟರ ಹಾರ್ಟ್ಲಿಯವರ ಹೆಸರು ಫ್ರೆಡ್. ಈ ಊರಿನಲ್ಲಿ ಟ್ರಾಮ್ ಇದ್ದಾಗ ಅದನ್ನು ನಡೆಸುತ್ತಿದ್ದರು. ಗಂಟೆಯ ಸಪ್ಪಳದಲ್ಲಿಯೇ ಹರೆಯ ಕಳೆದು ಕಿವಿ ಮಂದವಾಗಿದೆ. ನಾನು ವರ್ಗದಲ್ಲಿ ಕಲಿತ ಪಾಠವನ್ನು ಮನೆಗೆ ಬಂದು ಅವರ ಮೇಲೆ ಪ್ರಯೋಗ ಮಾಡುತ್ತೇನೆ. ಬೆಂಕಿಯ ಎದುರು ಕೂತು ನನ್ನ ತುಟಿ ನೋಡಿ ಮಾತು ಹಿಡಿಯುತ್ತಾರೆ. ತಪ್ಪಿದರೆ, "ತಪ್ಪು ನಂದಲ್ಲ, ನಿನ್ನ ಇಂಗ್ಲೀಷಿಂದು" ಎನ್ನುತ್ತಾರೆ. ಹೆಂಡತಿ ಹಿತ್ತಲಿಗೆ ಹೋದ ಕೂಡಲೇ ಕಪ್ಪಿನ ಚಹವನ್ನು ಕೆಳಗಿನ ಬಸಿಗೆ ಸುರಿದು, ನಮ್ಮ ಬೈಲಿನ ಮಂದಿಯಂತೆ ಸೊರ್ ಎಂದು ಕುಡಿಯುತ್ತಾರೆ. ನನ್ನ ಕಡೆ ಕಣ್ಣು ಹೊಡೆಯುತ್ತಾರೆ. ಮುಂಜಾನೆ ನಾನು ಹೊರಡುವ ಹೊತ್ತಿಗೆ ನನ್ನ ಕೋಟನ್ನು ಬೆಂಕಿಯ ಮುಂದೆ ಹಿಡಿದು ಕಾಸಿ ಕೊಡುತ್ತಾರೆ. ಬೇಡವೆಂದರೆ ಕೇಳಿಸುವುದಿಲ್ಲ.

ಚಟ್ನಿಪುಡಿ ಮುಟ್ಟಿತು. ಮಿಸೆಸ್ ಹಾರ್ಟ್ಲಿ ಚಿಟಿಕೆಯಷ್ಟು ರುಚಿ ನೋಡಿ, "ಭಾಳ ಛಲೋ ಐತಿ" ಎಂದು ಹೇಳಿ ನೀರಿಗೆ ಓಡಿದರು. ಅವರ ಮಾತನ್ನು ನಾನು ನಮ್ಮ ಮಾತಿನಲ್ಲಿಯೇ ಬರೆಯುತ್ತಿದ್ದೇನೆ. ಇಲ್ಲವಾದರೆ ಅವರು ಯಾರೋ ಆಗಿಬಿಡುತ್ತಾರೆ.

ನಿಮ್ಮ
ಉಡಚವ್ವ

*

ಮ್ಯಾಂಚೆಸ್ಟರ
೫ ಫೆಬ್ರವರಿ ೧೯೬೨

ಅಪ್ಪಾ,

ಮಿಸ್ಟರ ಹಾರ್ಟ್ಲಿ ಹೋದರು. ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಗೆ ಒಯ್ದಿದ್ದರು. ಹೊಳ್ಳಿ ಬಂದದ್ದು ಪೆಟ್ಟಿಗೆಯಲ್ಲಿ.

ನಾನು ಒಂದು ತಪ್ಪು ಮಾಡಿದ್ದೇನೆ. ಅದು ತಪ್ಪೇ ಎಂದು ನನಗಿನ್ನೂ ತಿಳಿಯುತ್ತಿಲ್ಲ. ಆದ್ದರಿಂದ ಆದದ್ದನ್ನು ಆದಂತೆ ಬರೆಯುತ್ತೇನೆ.

ಪೆಟ್ಟಿಗೆಯನ್ನು ಮುಂದಿನ ಖೋಲಿಯಲ್ಲಿ ಇಟ್ಟಿದ್ದರು. ಕಡೆಗೂ ಆ ಖೋಲಿಗೆ ಕೆಲಸ ಬಂತು. ಓಣಿಯ ಎಲ್ಲ ಮನೆಗಳ ಪರದೆ ಎಳೆದಿದ್ದವು. ಮಿಸೆಸ್ ಹಾರ್ಟ್ಲಿಯ ತಂಗಿ ಎಡ್ನಾ ಊರಿನ ಆಚೆಯಿಂದ ಬಂದು ಮನೆಯ ಕಾರಭಾರ ಹಿಡಿದಿದ್ದರು. ನೆರೆಯವರು ಬಂದು ಗೋಡೆಗುಂಟ ನಿಂತರು. "ಹವಾ ಭಾಳ ಥಂಡಿ", "ಹೌದು, ಥಂಡಿ" ಎಂದು ಮಾತಾಡಿಕೊಂಡರು. ಆಮೇಲೆ ಕರೀ ಕೋಟಿನ ಗಂಡಸರು ಬಂದು ಪೆಟ್ಟಿಗೆಯನ್ನು ಎತ್ತಿದರು.

ಅಪ್ಪಾ, ಎತ್ತುವ ಹೊತ್ತಿಗೆ ನಮ್ಮಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತು. ನಮ್ಮ ಓಣಿಯ ಅಕ್ಕವ್ವತ್ತಿ ಎದೆ ಬಡಿದುಕೊಂಡು ಹಾಡ್ಯಾಡಿ ಅಳುವಾಗ ನನಗೆ ಎಷ್ಟು ನಾಚಿಕೆಯಾಗುತ್ತಿತ್ತೆಂಬುದೂ ನಿಮಗೆ ಗೊತ್ತು. ಸಾಲಿ ಕಲಿತ ಮೇಲೆ ನಾನು ಯಾವ ಸಾವಿನ ಮನೆಯಲ್ಲಿಯೂ ದನಿ ತೆಗೆದವಳಲ್ಲ. ಆದರೆ ಇಲ್ಲಿ ಯಾರೂ ದನಿ ತೆಗೆಯಲೇ ಇಲ್ಲ. ಗಡಿಯಾರದ ಟಕಟಕ ಕೇಳಿಸುತ್ತಿತ್ತು. ಒಬ್ಬ ಮನುಷ್ಯನನ್ನು ಅವನ ಮನೆಯಿಂದ ಹೊರಗೆ ಒಯ್ಯುತ್ತಿದ್ದಾರೆ, ಒಬ್ಬರಾದರೂ ಅವನನ್ನು ಕರೆಯುತ್ತಿಲ್ಲ. ನನಗೆ ತಡೆಯಲಾಗಲಿಲ್ಲ. "ಏ ನನ್ನಪ್ಪಾ" ಎಂದು ಶುರು ಮಾಡಿದ್ದು ನೆನಪಿದೆ. ಮುಂದೆ ಅಕ್ಕವ್ವತ್ತಿಯ ರಾಗದಲ್ಲಿಯೇ, ಮಿಸ್ಟರ ಹಾರ್ಟ್ಲಿ ಮಾಡಿದ್ದು, ಅಂದದ್ದು ಎಲ್ಲ ಹೇಳಿ ಹೇಳಿ ಅತ್ತೆ. ನೆಲದ ಮೇಲೆ ಕೂತಿದ್ದೆನಂತೆ. ಪೆಟ್ಟಿಗೆ ಹೊತ್ತವರು ಬಾಗಿಲಲ್ಲಿ ನಿಂತುಬಿಟ್ಟರು.

ಎಡ್ನಾ ರಟ್ಟೆ ಹಿಡಿದು ಎಬ್ಬಿಸಿದರು. "ಏಳು. ಅಡಿಗಿಮನಿಗೆ ನಡಿ. ಸಾಕು ಮಾಡು ತಮಾಷಾ." ಅಡಿಗೆಮನೆಯ ಬಾಗಿಲು ಹಾಕಿದರು. ಸಂಜೆ ಎಲ್ಲರೂ ಹೊಳ್ಳಿ ಬಂದು ಅಲ್ಲಿಯೇ ಚಹ, ಬ್ರೆಡ್ಡು ತಿಂದರು. ನನಗೂ ಒಂದು ತಾಟು ಕೊಟ್ಟರು. ಸಾವಿನ ಮನೆಯಲ್ಲಿ ಹೇಗೆ ತಿನ್ನಲಿ? ಮುಟ್ಟಲಿಲ್ಲ. ನನ್ನ ತಪ್ಪಿಗೆ ಅದೂ ಒಂದು ಕೂಡಿತು.

ಮಿಸೆಸ್ ಹಾರ್ಟ್ಲಿ ಅಂದಿನಿಂದ ನನ್ನೊಡನೆ ಹವೆಯ ಬಗ್ಗೆ ಮಾತ್ರ ಮಾತಾಡುತ್ತಾರೆ.

ಉಡಚವ್ವ

*

ಹುಬ್ಬಳ್ಳಿ
೧೭ ಫೆಬ್ರವರಿ ೧೯೬೨

ಚಿರಂಜೀವಿ ಉಡಚವ್ವಗೆ,

ಪತ್ರ ಓದಿದೆ. ನಿನ್ನ ಅವ್ವನಿಗೂ ಓದಿ ಹೇಳಿದೆ. ಅವಳು ಮೂರನೆಯವರ ಸಾವಿಗೂ ಅಳುವವಳು. ಆ ಮುದುಕನಿಗೂ ಅತ್ತಳು.

ನೀನು ಅವರನ್ನು 'ನನ್ನಪ್ಪಾ' ಎಂದು ಕರೆದು ಅತ್ತದ್ದಾಗಿ ಬರೆದಿರುವೆ. ಅದು ರೂಢಿ. ನಮ್ಮ ಓಣಿಯಲ್ಲಿ ಯಾವ ಹಿರಿಯ ಹೋದರೂ ಹೆಣ್ಣುಮಕ್ಕಳು ಹಾಗೆಯೇ ಅಳುತ್ತಾರೆ. ಅದರಲ್ಲಿ ವಿಶೇಷವಿಲ್ಲ, ನನಗೆ ಏನೂ ಅನ್ನಿಸಲಿಲ್ಲ. ನಾನು ಇಲ್ಲಿ ಗಟ್ಟಿಮುಟ್ಟಾಗಿ ಇದ್ದೇನೆ ಎಂದು ಮಾತ್ರ ಈ ಮೂಲಕ ತಿಳಿಸುತ್ತೇನೆ.

ಇನ್ನು ನಿನ್ನ ತಪ್ಪಿನ ಮಾತು. ನೀನು ಸಣ್ಣವಳಿದ್ದಾಗ ದಸ್ತಗೀರಸಾಬನ ತಾಯಿ ತೀರಿಕೊಂಡರು. ನಿನ್ನ ಅವ್ವನ ಬಾಣಂತನ ಮಾಡಿದ ಜೀವ ಅದು. ಇವಳು ಸುದ್ದಿ ಕೇಳಿದವಳೇ ಓಣಿ ದಾಟಿ ಹೋಗಿ, ಬಾಗಿಲಲ್ಲಿಯೇ ದನಿ ತೆಗೆದಳು. ಒಳಗೆ ಹೆಂಗಸರೆಲ್ಲ ಗಾಬರಿ. ಆಗ ಆ ಮನೆಯ ಸೊಸೆ ಮೈಮುನಾ ಬಂದು ಇವಳ ಕೈ ಹಿಡಿದು, "ಗುಡ್ಡವ್ವಕ್ಕಾ, ಅಳಬ್ಯಾಡ್ರಿ ಅನ್ನಂಗಿಲ್ಲ. ದನಿ ಎತ್ತಬ್ಯಾಡ್ರಿ. ಸತ್ತಾಕಿಗೆ ತ್ರಾಸ ಆಗತೈತಿ ಅಂತಾರ ನಮ್ಮಾಗ" ಎಂದಳು. ಇವಳು ಸೆರಗು ಬಾಯಿಗೆ ತುರುಕಿಕೊಂಡು ಕೂತಳು. ಆಮೇಲೆ ಮೈಮುನಾ ಇವಳ ಕೈಗೆ ನೀರಿನ ಹೂಜಿ ಕೊಟ್ಟಳು. ಬಂದ ಹೆಂಗಸರಿಗೆಲ್ಲ ಇವಳೇ ನೀರು ಕೊಟ್ಟಳು. ಅಲ್ಲಿಗೆ ಮುಗಿಯಿತು. ನೋಡು, ಒಂದು ಓಣಿ ದಾಟಿದರೆ ರೀತಿ ಬೇರೆ. ನೀನು ಸಮುದ್ರ ದಾಟಿದವಳು.

ನನ್ನ ಸಲಹೆ ಕೇಳು. ವಿವರಣೆ ಕೊಡುವುದಕ್ಕೆ ಹೋಗಬೇಡ. ವಿವರಣೆ ಕೊಟ್ಟಷ್ಟು ಗಿರಾಕಿ ಹೆಚ್ಚು ಸಂಶಯ ಪಡುತ್ತಾನೆ. "ನಿಮ್ಮಲ್ಲಿ ದುಃಖದಾಗ ಏನ ಮಾಡತೀರಿ?" ಎಂದು ಕೇಳು, ಅದನ್ನೇ ಮಾಡು. ಹೂಜಿ ಕೈಗೆ ತೆಗೆದುಕೊ.

ನಿನ್ನ ಅಪ್ಪ,
ಹುಚ್ಚಪ್ಪ

*

ಮ್ಯಾಂಚೆಸ್ಟರ
೧೧ ಮಾರ್ಚ್ ೧೯೬೨

ಅಪ್ಪನವರ ಮತ್ತು ಅವ್ವನ ಪಾದಗಳಿಗೆ,

ಕೇಳಿದೆ. "ಏನೂ ಇಲ್ಲಮ್ಮಾ, ಮುಂದ ನಡಕೋತ ಹೋಗೂದು" ಎಂದರು ಮಿಸೆಸ್ ಹಾರ್ಟ್ಲಿ. ಈ ಮನೆಯ ಹೂಜಿ ಯಾವುದೆಂದು ನಾನೇ ಹುಡುಕಿದೆ. ಇಲ್ಲಿ ದುಃಖವಾದಾಗ ಪಾತ್ರೆ ತೊಳೆಯುತ್ತಾರೆ. ತೊಳೆದದ್ದನ್ನೇ ತೊಳೆಯುತ್ತಾರೆ. ನಾನು ಪಕ್ಕದಲ್ಲಿ ನಿಂತು ಒರೆಸುತ್ತಿದ್ದೇನೆ. ಅವರು "ಥ್ಯಾಂಕ್ಯೂ" ಎನ್ನುತ್ತಾರೆ, ಅಷ್ಟೇ.

ಅಪ್ಪಾ, ನಿಮ್ಮ ಸಲಹೆ ಇಲ್ಲಿ ಫಲಿಸಲಿಲ್ಲ. ಮೊನ್ನೆ ಬಟ್ಟಲು ಒರೆಸುವಾಗಲೇ ಹೇಳಿದರು: ಎಡ್ನಾಳ ಮಗ ಅಲನ್‌ಗೆ ಈ ಊರಿನಲ್ಲಿ ನೌಕರಿ ಸಿಕ್ಕಿದೆ, ಈಸ್ಟರ ಹಬ್ಬಕ್ಕೆ ಅವನು ಬರುತ್ತಾನೆ, ನಾನು ಅಷ್ಟರೊಳಗೆ ಬೇರೆ ಕಡೆ ನೋಡಿಕೊಂಡರೆ ಉಪಕಾರ. ಬಹಳ ಸೌಮ್ಯವಾಗಿ ಹೇಳಿದರು. ನನ್ನ ಮುಖ ಮಾತ್ರ ನೋಡಲಿಲ್ಲ.

ನಿಜವಾದ ಕಾರಣ ಪಕ್ಕದ ಮನೆಯಾಕೆ ತಿಳಿಸಿದಳು. ಆ ದಿನ ನಾನು ಫ್ರೆಡ್‌ರ ಸಾವನ್ನು ಅಣಕಿಸಿದೆನೆಂದು ಎಡ್ನಾ ಎಲ್ಲರ ಮುಂದೆ ಹೇಳಿದ್ದಾರಂತೆ. ಕಿವುಡ ಮನುಷ್ಯನ ಪೆಟ್ಟಿಗೆಯ ಮುಂದೆ ಬೇಕೆಂದೇ ಒದರಿದೆನಂತೆ. ಮಿಸೆಸ್ ಹಾರ್ಟ್ಲಿ ಅದಕ್ಕೆ ಹೌದೂ ಅನ್ನಲಿಲ್ಲ, ಅಲ್ಲಾ ಅನ್ನಲಿಲ್ಲ.

ಶನಿವಾರ ಕೋಣೆ ಹುಡುಕಲು ಹೋಗಿದ್ದೆ. ಕಿಡಕಿಯ ಚೀಟಿಗಳು ಇದ್ದಲ್ಲೇ ಇವೆ. ಜೂನಿನಲ್ಲಿ ಪರೀಕ್ಷೆ. ಹೇಗೋ ಒಂದು ಮೂಲೆ ಸಿಕ್ಕೀತು. ಆದರೆ ಆ ಮುದುಕಿ ಹಾಗೆ ತಿಳಿದುಕೊಂಡಿರುವಾಗ ಪೆಟ್ಟಿಗೆ ಎತ್ತಿಕೊಂಡು ಈ ಮನೆಯಿಂದ ಇಳಿಯುವುದು ನನ್ನಿಂದ ಆಗದು. ಏನು ಮಾಡಲಿ?

ಉಡಚವ್ವ

*

ಹುಬ್ಬಳ್ಳಿ
೨೨ ಮಾರ್ಚ್ ೧೯೬೨

ಚಿರಂಜೀವಿ ಉಡಚವ್ವಗೆ,

ಈ ಪತ್ರ ನಿನ್ನ ಅವ್ವನದು. ನಾನು ಬರೆಯುವ ಕೈ ಮಾತ್ರ. "ನಾ ಹೇಳಿದ್ದಷ್ಟ ಬರೀರಿ, ನಡುವ ನಿಮ್ಮ ಶಾಣ್ಯಾತನ ಸೇರಸಬ್ಯಾಡ್ರಿ" ಎಂದು ಮೊದಲೇ ತಾಕೀತು ಮಾಡಿದ್ದಾಳೆ. ಎದುರಿಗೆ ಕೂತು ಸೇಂಗಾ ಸುಲಿಯುತ್ತಿದ್ದಾಳೆ.

"ಉಡಚವ್ವಾ, ನಿಮ್ಮಪ್ಪ ಕುರ್ಚಿ ಜಮಖಾನಿ ತಿಳದಾಂವ. ಅಳೂದು ಅವಂಗೇನ ತಿಳೀತೈತಿ? ನಾ ಹೇಳ್ತೇನಿ ಕೇಳು. ನಾ ಮೈಮುನಾನ ಮನ್ಯಾಗ ಅತ್ತಾಗ ಆಕಿ ಕೈ ಹಿಡದು ಕೂಡಿಸಿದಳು, ಹೊರಗ ದಬ್ಬಲಿಲ್ಲ. ಯಾಕ? ನನ್ನ ಮಾತು ಆಕಿಗೆ ತಿಳೀತಿತ್ತು. ನಾ ಅವರತ್ತೀನ್ನ ಹಾಡಿ ಹೊಗಳಾಕತ್ತೇನಿ ಅಂತ ಗೊತ್ತಿತ್ತು. ಆಮ್ಯಾಲ ಎಷ್ಟೋ ಸಲ ಅಂದಾಳ, ನೀವು ಆವತ್ತ ಅಂದದ್ದು ನನ್ನ ಕಿವ್ಯಾಗ ಐತಿ ಅಕ್ಕಾ ಅಂತ. ನಿಮ್ಮ ಮುದುಕಿಗೆ ಏನ ತಿಳದೈತಿ? ಬರೇ ಸಪ್ಪಳ ಕೇಳೈತಿ. ನರಿ ಒದರಿದಂಗ ಕೇಳೈತಿ. ಆಕಿ ಏನ ಅನ್ಕೋಬೇಕು ಹೇಳು?"

ವಿವರಣೆ ಕೊಡಬಾರದೆಂದು ನಾನು ಬರೆದಿದ್ದೆನಲ್ಲ ಎಂದು ಇಲ್ಲಿ ನೆನಪು ಮಾಡಿಕೊಟ್ಟೆ.

"ಅದು ನಿಮ್ಮ ಯಾಪಾರದ ಮಾತು. ಬರೀರಿ. ಉಡಚವ್ವಾ, ತಪ್ಪಾತು ಅನ್ನಬ್ಯಾಡ, ನಮ್ಮಲ್ಲಿ ಹಿಂಗ ನಿಮ್ಮಲ್ಲಿ ಹಂಗ ಅಂತ ವಾದಾನೂ ಮಾಡಬ್ಯಾಡ. ನೀ ಏನೇನ ಅಂದು ಅತ್ತಿ, ಅಷ್ಟೂ ಆಕಿಗೆ ಆಕಿ ಭಾಷಾದಾಗ ಹೇಳು. ಅದು ನಿಂದಲ್ಲವಾ, ಆಕಿದು. ಆಕಿ ಗಂಡನ ಮ್ಯಾಲ ಅಂದದ್ದು. ಸತ್ತ ಮನಿಯವರಿಗೆ ನಾವು ಕೊಡೂದರ ಮತ್ತೇನು? ಅದನ್ನ ಆಕಿಗೆ ಮುಟ್ಟಿಸಿ, ಆಮ್ಯಾಲ ಬೇಕಾದ್ರ ಮನಿ ಬಿಡು. ಮತ್ತ, ನೀ ಆ ಮನ್ಯಾಗ ಉಣ್ಣಲಿಲ್ಲಂತ. ಅಷ್ಟ ದಿನ ಆತು, ಈಗರ ಉಂಡೀಯಿಲ್ಲೋ?"

ಇಲ್ಲಿಗೆ ಅವಳದು ಮುಗಿಯಿತು. ನನಗೆ ಬೇರೆ ಅಭಿಪ್ರಾಯವಿಲ್ಲ. ಇದ್ದರೂ ಅದನ್ನು ಸೇರಿಸಲು ಪರವಾನಗಿಯಿಲ್ಲ.

ಅವ್ವ ಗುಡ್ಡವ್ವ,
ಕೈಬರಹ ಹುಚ್ಚಪ್ಪ

*

ಮ್ಯಾಂಚೆಸ್ಟರ
೨೯ ಏಪ್ರಿಲ್ ೧೯೬೨

ಅವ್ವಾ, ಮತ್ತು ಅಪ್ಪಾ,

ನಿನ್ನ ಪತ್ರ ಬಂದ ಮೇಲೂ ಬಹಳ ದಿನ ಬಾಯಿ ಬರಲಿಲ್ಲ. ಈ ಮನೆಯಲ್ಲಿ ಒಂದು ಮಾತು ಶುರು ಮಾಡಲು ಜಾಗವೇ ಸಿಗುವುದಿಲ್ಲ. ಎಲ್ಲ ಕಡೆ 'ಪ್ಲೀಜ್' ಮತ್ತು 'ಸಾರಿ' ತುಂಬಿಟ್ಟಿರುತ್ತಾರೆ. ಕಡೆಗೆ ಒಂದು ಸೋಮವಾರ ಸಿಕ್ಕಿತು. ಸೋಮವಾರ ಬಟ್ಟೆ ಒಗೆಯುವ ದಿನ. ಒಣಗಿದ ಚಾದರಗಳನ್ನು ಮಡಿಚಲು ಇಬ್ಬರು ಬೇಕು. ಮೊದಲು ಫ್ರೆಡ್ ಹಿಡಿಯುತ್ತಿದ್ದರು. ಮಿಸೆಸ್ ಹಾರ್ಟ್ಲಿ ಒಬ್ಬರೇ ಕುರ್ಚಿಯ ಬೆನ್ನಿಗೆ ಸಿಗಿಸಿ ಒದ್ದಾಡುತ್ತಿದ್ದರು. ನಾನು ಹೋಗಿ ಇನ್ನೊಂದು ತುದಿ ಹಿಡಿದೆ. ಅವರು ಬೇಡ ಅನ್ನಲಿಲ್ಲ.

ಅಷ್ಟು ದೂರದಿಂದ ಹೇಳುವುದು ಸುಲಭವಾಯಿತು. "ಅವತ್ತು ನಾ ಅತ್ತದ್ದರಾಗ ಮಾತಿದ್ವು. ನಮ್ಮಲ್ಲಿ ಹೋದವರ ಬಗ್ಗೆ ಹೇಳಿ ಅಳತೇವಿ. ಅವು ನಿಮ್ಮ ಮಾತು. ನಿಮಗ ಕೊಡಬೇಕಂತ ನಮ್ಮವ್ವ ಬರದಾಳ" ಎಂದೆ. ಅವರು ಚಾದರ ಹಿಡಿದೇ ನಿಂತರು. ನಾನು ಒಂದೊಂದೇ ಸಾಲು ಇಂಗ್ಲೀಷಿನಲ್ಲಿ ಹೇಳಿದೆ. ನಿಮಗೆ ಮೂಲದಲ್ಲಿಯೇ ಬರೆಯುತ್ತೇನೆ.

ಏ ನನ್ನಪ್ಪಾ, ಟ್ರಾಮಿನ ಧಣಿ,
ಬೆಂಕೀಗೆ ನನ್ನ ಕೋಟು ಕಾಸಿ ಕೊಡಾಂವಾ,
ಬಸಿಯಾಗ ಚಾ ಸುರುವಿ ಕದ್ದು ಕುಡ್ಯಾಂವಾ,
ನನ್ನ ತುಟಿ ನೋಡಿ ನನ್ನ ಮಾತು ಕೇಳಾಂವಾ,
ಪೆಟಗಿ ಮುಚ್ಚಿ ಒಯ್ದಾರಲ್ಲೋ, ನಿನ್ನ ಮಾರಿ ನನ್ನ ಕಡೆ ಇಲ್ಲಲ್ಲೋ,
ಈಗ ನಾ ಕರದ್ರ ನಿನಗ ಹ್ಯಾಂಗ ಕೇಳಸತೈತೋ ನನ್ನಪ್ಪಾ.

ಬಸಿಯ ಮಾತು ಬಂದಾಗ ಅವರ ಮುಖ ಕೆಂಪಾಯಿತು. "ಬಸಿಯಾಗ? ನನ್ನ ಮನ್ಯಾಗ? ಇಷ್ಟು ವರ್ಷ ಬಡಕೊಂಡೇನಿ ಆ ಮನುಷ್ಯಾಗ!" ಸತ್ತವರ ಮೇಲೆ ಅಷ್ಟು ಸಿಟ್ಟು ಮಾಡಿದ್ದನ್ನು ನಾನು ನೋಡಿರಲಿಲ್ಲ. ಕೊನೆಯ ಸಾಲಿಗೆ ಚಾದರದ ಅಂಚು ನೇರ ಮಾಡಿದರು. ಆಮೇಲೆ, "ಅಪ್ಪಾ ಅಪ್ಪಾ ಅಂತಿದ್ದಿಯಲ್ಲಾ, ಅದೇನು?" ಎಂದು ಕೇಳಿದರು. ಹೇಳಿದೆ.

ಚಾದರದ ಎರಡೂ ತುದಿ ಕೂಡಿಸಲು ನನ್ನ ಹತ್ತಿರ ಬಂದರು. "ಮತ್ತೊಮ್ಮೆ ಅಳತೀಯೇನು? ಈಗ ಎಡ್ನಾ ಇಲ್ಲ. ನಾವಿಬ್ಬರೇ ಇದ್ದೇವಿ."

ಅವ್ವಾ, ನನಗೆ ಬರಲಿಲ್ಲ. ಕೇಳಿದರೆ ಬರುವಂಥದ್ದಲ್ಲ ಅದು. "ಇರಲಿ ಬಿಡು" ಎಂದು ಅವರು ಮುಂದಿನ ಚಾದರ ಎತ್ತಿಕೊಂಡರು. ತುದಿ ಹಿಡಿದು, ನನ್ನನ್ನು ನೋಡದೆ, ತಾವೇ ಶುರು ಮಾಡಿದರು. ರಾಗವಿಲ್ಲ, ಕಣ್ಣೀರಿಲ್ಲ; ಸಂತಿಯಿಂದ ತಂದ ಸಾಮಾನು ಒಪ್ಪಿಸುವ ಹಾಗೆ.

"ಮೊದಲನೇ ಸಲ ನನ್ನ ಕರಕೊಂಡು ಹೋಗಾಕ ಬಂದಾಗ ಆತನ ಕಾಲಾಗಿನ ಬೂಟು ಅವರಣ್ಣಂದು. ದೊಡ್ಡವು. ನಡದ್ರ ಸಪ್ಪಳ ಆಗತಿತ್ತು. ಯುದ್ಧದಾಗ ಬಾಂಬು ಬೀಳೂವಾಗ ದೀಪ ಆರಿಸಿ ಟ್ರಾಮು ನಡಸ್ಯಾನ. ಮನಿಗೆ ಬಂದ್ರ ತಲಿಕೂದಲಾಗ ಗಾಜಿನ ಪುಡಿ. ನಾ ಬಾಚಿ ತಗೀತಿದ್ದೆ. ಹಾಡಾಕ ಬರತಿರಲಿಲ್ಲ, ಹಾಡತಿದ್ದ. ನಮಗೊಂದು ಹೆಣ್ಣು ಹುಟ್ಟಿತ್ತು, ಉಳೀಲಿಲ್ಲ. ಆ ಮ್ಯಾಲ ಎಂದೂ ಅದರ ಮಾತ ಎತ್ತಲಿಲ್ಲ. ನೀ ಬಂದ ಮ್ಯಾಲ ನಿನ್ನ ಕೋಟು ಕಾಸಾಕ ಶುರು ಮಾಡಿದ. ನಾ ಏನೂ ಅನ್ನಲಿಲ್ಲ."

ಒಂದೊಂದು ಮಾತಿಗೆ ಒಂದೊಂದು ಮಡಿಕೆ. ಚಾದರ ಮುಗಿದವು, ಅವರ ಮಾತು ಮುಗಿಯಲಿಲ್ಲ. ಮಡಿಚಿದ್ದನ್ನು ಬಿಚ್ಚಿ ಮತ್ತೆ ಮಡಿಚಿದೆವು. ನಾನು ಅವರ ಮಂದಿಯ ಹಾಗೆ ಸುಮ್ಮನೆ ನಿಂತು ಕೇಳಿದೆ. ಹತ್ತಿರ ಹೋಗಿ ಹಿಡಿದುಕೊಳ್ಳಲಿಲ್ಲ, ಒಂದು ಮಾತೂ ಆಡಲಿಲ್ಲ. ಅದು ಅಳುವುದಕ್ಕಿಂತ ಕಠಿಣ. ಕಡೆಗೆ, "ಇದು ಮುಗದ ಮ್ಯಾಲ ನಿಮ್ಮಲ್ಲಿ ಏನ ಮಾಡತೀರಿ?" ಎಂದು ಅವರೇ ಕೇಳಿದರು. ಯಾರಾದರೂ ಮುಖಕ್ಕೆ ನೀರು ತಂದುಕೊಡುತ್ತಾರೆ ಎಂದೆ. "ಹಂಗಾರ ತಾ" ಎಂದರು. ಬೋಗುಣಿಯಲ್ಲಿ ಬಿಸಿನೀರು ತಂದೆ. ಮುಖ ತೊಳೆದುಕೊಂಡರು. ಆಮೇಲೆ ನನಗೆ ಬ್ರೆಡ್ಡು ಕೊಯ್ದು ಕೊಟ್ಟರು. ಮೊದಲ ಮಾತಿಗೇ ತಿಂದೆ.

ಈಸ್ಟರ ದಿನ ಎಡ್ನಾ ಬಂದರು. ಅಲನ್‌ನ ಪೆಟ್ಟಿಗೆಯನ್ನೂ ತಂದಿದ್ದರು. ನಾನು ಮೆಟ್ಟಿಲ ಮೇಲೆ ಇದ್ದೆ, ಮಾತೆಲ್ಲ ಕೇಳಿಸುತ್ತಿತ್ತು.

"ಎಡ್ನಾ, ಹುಡುಗಗ ಬ್ಯಾರೆ ಕಡೆ ನೋಡು. ಈಕಿ ಪರೀಕ್ಷಾ ಮುಗಿಯೂತನಾ ಇಲ್ಲೇ ಇರತಾಳ."

"ಅಷ್ಟು ಮಂದಿ ಮುಂದ ಆಕಿ ಮಾಡಿದ್ದು ಮರತಿಯೇನು?"

"ಮರತಿಲ್ಲ. ಅಷ್ಟು ಮಂದಿ ಇದ್ರಿ. ಆತನ ಕರದಾಕಿ ಆಕಿ ಒಬ್ಬಾಕಿ."

ಎಡ್ನಾ ಚಹ ಕುಡಿಯದೆ ಹೋದರು. ಈ ಊರಿನಲ್ಲಿ ಅದು ಸಣ್ಣ ಸಂಗತಿಯಲ್ಲ. ಮಿಸೆಸ್ ಹಾರ್ಟ್ಲಿ ಮೇಲೆ ಬಂದು ನನ್ನ ಬಾಗಿಲು ಬಡಿದು, "ಆದ್ರ ಇನ್ನೊಮ್ಮೆ ಅಳೂದಾದ್ರ ಮುಂದಿನ ಖೋಲ್ಯಾಗ ಅಲ್ಲ, ತಿಳೀತಿಲ್ಲೋ?" ಎಂದು ಹೇಳಿ ಇಳಿದು ಹೋದರು.

ನಿಮ್ಮ
ಉಡಚವ್ವ

*

ಹುಬ್ಬಳ್ಳಿ
೯ ಮೇ ೧೯೬೨

ಚಿರಂಜೀವಿ ಉಡಚವ್ವಗೆ,

ಪತ್ರವನ್ನು ನಿನ್ನ ಅವ್ವನಿಗೆ ಓದಿ ಹೇಳಿದೆ. ಮೈಮುನಾ ಬಂದಳು, ಅವಳಿಗೂ ಓದಿದೆ. ಇಬ್ಬರೂ ಕೂಡಿ ನನ್ನ ಕಡೆ ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಈ ವ್ಯವಹಾರದಲ್ಲಿ ನಿನ್ನ ಅವ್ವನ ಮಾತು ನಡೆಯಿತು, ನನ್ನದು ನಡೆಯಲಿಲ್ಲ ಎಂದು ಒಪ್ಪಿದ್ದೇನೆ. ಬರೆದುಕೊಡ್ರಿ ಎನ್ನುತ್ತಾಳೆ, ಇದೇ ಬರೆದದ್ದು.

ಮಿಸೆಸ್ ಹಾರ್ಟ್ಲಿಯವರಿಗೆ ನನ್ನದೊಂದು ಮಾತು ಮುಟ್ಟಿಸಬೇಕು. ನಮ್ಮಲ್ಲಿ ಉಪಕಾರವನ್ನು ಬಾಯಿಂದ ಹೇಳುವ ರೂಢಿಯಿಲ್ಲ. ಹೇಳಿದರೆ ಎದುರಿನವರು, "ಯಾಕಪಾ, ನಾವೇನು ಹೊರಗಿನವರಾ?" ಎಂದು ಸಿಟ್ಟಾಗುತ್ತಾರೆ. ಅಲ್ಲಿ ಹೇಳದಿದ್ದರೆ ಸಿಟ್ಟಾಗುತ್ತಾರೆ ಎಂದು ತಿಳಿಯಿತು. ಆದ್ದರಿಂದ ಅವರ ರೀತಿಯಲ್ಲಿಯೇ, ಬಾಯಿ ಬಿಟ್ಟು, ನನ್ನ ಹೆಸರು ತೆಗೆದುಕೊಂಡು ಹೇಳು: ನಮ್ಮ ಮಗಳನ್ನು ಮನೆಯಲ್ಲಿ ಇಟ್ಟುಕೊಂಡದ್ದಕ್ಕೆ ಹುಬ್ಬಳ್ಳಿಯ ಹುಚ್ಚಪ್ಪ ಥ್ಯಾಂಕ್ಯೂ ಹೇಳಿದ್ದಾನೆ.

ಇನ್ನೊಂದು ಸಂಗತಿ. ನೀನು ಬರೆದ ಆ ಸಾಲುಗಳನ್ನು ನಾನು ಅಂಗಡಿಯಲ್ಲಿ ಕೂತು ಒಬ್ಬನೇ ಇನ್ನೊಮ್ಮೆ ಓದಿದೆ. ಆಮೇಲೆ ಎದ್ದು ಅಂಗಡಿಯ ಬಾಗಿಲು ಅರ್ಧ ಹಾಕಿದೆ. ಓಣಿಯಲ್ಲಿ ನಮ್ಮವರು ಯಾರಾದರೂ ತೀರಿಕೊಂಡರೆ ಹಾಕುವ ಹಾಗೆ. ತಡವಾಯಿತು ನಿಜ, ಆದರೆ ನನಗೆ ಸುದ್ದಿ ಪೂರ್ತಿ ಮುಟ್ಟಿದ್ದು ಈಗಲೇ. ಎದುರಿನಿಂದ ದಸ್ತಗೀರಸಾಬ ಕೂಗಿದ:

"ಯಾರ ಹೋದ್ರೋ ಹುಚ್ಚಪ್ಪಾ?"

"ನಮ್ಮವರೊಬ್ರು."

"ಯಾವ ಊರಾಗ?"

"ಮ್ಯಾಂಚೆಸ್ಟರದಾಗ."

ಅವನು ಊದುಕೊಳವೆ ಕೆಳಗಿಟ್ಟು, ಕೈ ಒರೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತ. ಬಹಳ ಹೊತ್ತು ಕೂತಿದ್ದ. ಆಮೇಲೆ, ಸಾವಿನ ಮನೆಯಿಂದ ಏಳುವ ಹಾಗೆ, 'ಬರ್ತೇನಿ' ಎನ್ನದೆ ಎದ್ದು ಹೋದ.

ನಿನ್ನ ಅಪ್ಪ,
ಹುಚ್ಚಪ್ಪ